ಮನೆಯ ಹಾಡು ಮತ್ತು ಕಿವಿಯ ಸಂಸ್ಕಾರ

ರಸಾನುಭವಕ್ಕೆ ಕಾವ್ಯವೊಂದೇ ಸಾಲದು, ಸಹೃದಯನಲ್ಲಿ ಮೊದಲೇ ನೆಲೆಗೊಂಡ ವಾಸನೆಯೂ ಬೇಕು ಎಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಆ ವಾಸನೆಯನ್ನು ಅವರು ಜನ್ಮಾಂತರದ ಸಂಸ್ಕಾರವೆಂದೂ ವಿವರಿಸಿದರು. ಜನ್ಮಾಂತರದ ಮಾತು ಹಾಗಿರಲಿ. ಸಂಗೀತದ ಮಟ್ಟಿಗಾದರೂ ಈ ಜನ್ಮದ ಮೊದಲ ಎಂಟು ಹತ್ತು ವರ್ಷಗಳಲ್ಲಿ, ಮನೆಯ ಪಡಸಾಲೆಯಲ್ಲಿ, ತಂದೆ ತಾಯಿಗಳ ಬಾಯಿಂದ ಕಿವಿಗೆ ಬಿದ್ದದ್ದು ಮುಂದಿನ ರುಚಿಯನ್ನು ಎಷ್ಟರಮಟ್ಟಿಗೆ ರೂಪಿಸುತ್ತದೆ ಎಂಬುದು ವಿಚಾರಿಸಬೇಕಾದ ಸಂಗತಿ. ಈ ವಿಚಾರವನ್ನು ಕೇವಲ ತತ್ತ್ವವಾಗಿ ಎತ್ತಿಕೊಂಡರೆ ಅದು ಗಾಳಿಗೆ ಗುದ್ದಿದಂತಾದೀತು. ಆದ್ದರಿಂದ ಎಲ್ಲರೂ ಬಲ್ಲ ಕೆಲವು ಗಾಯಕರ ಜೀವನವನ್ನೂ, ಯಾರೂ ಅರಿಯದ ನನ್ನ ತಂದೆಯವರ ಒಂದೆರಡು ಸಂಗತಿಗಳನ್ನೂ ಜೊತೆಗಿಟ್ಟುಕೊಂಡು ಬರೆಯುತ್ತಿದ್ದೇನೆ. ದೊಡ್ಡವರ ಸಾಲಿನಲ್ಲಿ ತಂದೆಯನ್ನು ಕೂಡಿಸಿದೆನೆಂದು ವಾಚಕರು ಭಾವಿಸಬಾರದು. ಅವರು ಗಾಯಕರಲ್ಲ, ಕೇಳುಗರು.

ತಂದೆಯವರು ಧಾರವಾಡ ಸೀಮೆಯ ಒಂದು ಪೇಟೆಯ ಊರಿನಲ್ಲಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಪ್ರತಿ ಸೋಮವಾರ ರಾತ್ರಿ ಊಟವಾದ ಮೇಲೆ ಗುಡಿಯಲ್ಲಿ ಭಜನೆ. ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಪೇಟಿ, ಇಷ್ಟೇ ಸಾಮಗ್ರಿ. ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿಯ ಪದಗಳು, ಸರ್ಪಭೂಷಣ ಶಿವಯೋಗಿಗಳ ಕೈವಲ್ಯಕಲ್ಪವಲ್ಲರಿಯವು, ಮುಪ್ಪಿನ ಷಡಕ್ಷರಿಯವರ ಸುಬೋಧಸಾರದವು, ನಡುನಡುವೆ ಶಿಶುನಾಳ ಶರೀಫ ಸಾಹೇಬರ ತತ್ತ್ವಪದಗಳು. ಹಾಡುವವರಲ್ಲಿ ಶಾಲೆಯ ಮುಖ ಕಂಡವರು ಕಡಿಮೆ. ಆದರೂ ವೇದಾಂತದ ಪರಿಭಾಷೆ ತುಂಬಿದ ಆ ಪದಗಳ ಒಂದಕ್ಷರವೂ ಅವರ ಬಾಯಲ್ಲಿ ನಲುಗುತ್ತಿರಲಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ನಿಜಗುಣರಂಥ ಶಾಸ್ತ್ರಕಾರರು ಹಾಡುಗಳನ್ನು ರಚಿಸುವಾಗ ರಾಗವನ್ನು ಸೂಚಿಸಿ ಪಲ್ಲವಿ ನುಡಿಗಳ ಕಟ್ಟಿನಲ್ಲಿ ಅವನ್ನು ಅಳವಡಿಸಿದರು. ಆ ಕಟ್ಟು ಇದ್ದುದರಿಂದಲೇ ಗ್ರಂಥ ತೆರೆಯದವರ ಕಂಠದಲ್ಲೂ ಪದವು ಕೆಡದೆ ನಿಂತಿತು. ಸೂಚಿತ ರಾಗಗಳು ಮಾತ್ರ ಬಹುಮಟ್ಟಿಗೆ ಮರೆತುಹೋಗಿ, ಭಜನೆಯ ಮೇಳಗಳು ತಮ್ಮ ತಮ್ಮ ಧಾಟಿಗಳನ್ನು ಕೂಡಿಸಿಕೊಂಡವು.

ನಾನು ತಂದೆಯವರ ತೊಡೆಯ ಮೇಲೆ ನಿದ್ದೆ ಹೋಗುತ್ತ, ಎಚ್ಚರಾಗುತ್ತ ಇವನ್ನು ಕೇಳಿದವನು. ನನ್ನ ಕಿವಿಯ ಮೊದಲ ಪಾಠವೆಂದರೆ ಇದೇ.

ಎರಡನೆಯ ಪಾಠ ರೇಡಿಯೋದಿಂದ ಬಂದಿತು. ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ನಮ್ಮ ಮನೆಗೆ ರೇಡಿಯೋ ಬಂದದ್ದು ಬಹಳ ತಡವಾಗಿ. ಅದಕ್ಕೂ ಮೊದಲು ತಂದೆಯವರು ನನ್ನ ಕೈ ಹಿಡಿದುಕೊಂಡು ಅಂಗಡಿಯ ಕಟ್ಟೆಗೆ ಹೋಗಿ ಕೂಡುತ್ತಿದ್ದರು. ಮಲ್ಲಿಕಾರ್ಜುನ ಮನಸೂರರ ವಚನಗಾಯನ, ಬಸವರಾಜ ರಾಜಗುರುಗಳ ಗಾಯನ, ಸಿದ್ಧರಾಮ ಜಂಬಲದಿನ್ನಿಯವರ ವಚನಗಳು ಕಟ್ಟೆಯ ಮೇಲೆಯೇ ನನ್ನ ಕಿವಿಗೆ ಬಿದ್ದವು. ಹಾಡು ಮುಗಿದ ಮೇಲೆ ತಂದೆಯವರದು ಒಂದೇ ಪ್ರಶ್ನೆ: "ತಮ್ಮಾ, ಏನಂದ್ರು ಹೇಳು ನೋಡೋಣ?" ರಾಗ ಯಾವುದೆಂದಲ್ಲ, ತಾಳ ಯಾವುದೆಂದಲ್ಲ, ವಚನ ಏನು ಹೇಳಿತು ಎಂದು. ನಾನು ತಡವರಿಸಿದರೆ ಗಾಯಕರನ್ನು ಬಿಟ್ಟು ನನ್ನನ್ನು ಗದರುತ್ತಿರಲಿಲ್ಲ. "ಹಂಗಾದ್ರ ಹಾಡಿನ್ಯಾಗ ಮಾತು ಸತ್ತದ" ಎನ್ನುತ್ತಿದ್ದರು.

ಈ ಒಂದು ಮಾತು ಬಹುಕಾಲ ನನ್ನ ರುಚಿಯ ಒರೆಗಲ್ಲಾಗಿತ್ತು. ಅದೇ ಬಹುಕಾಲ ನನ್ನ ಕಿವಿಗೆ ಬೇಲಿಯೂ ಆಗಿತ್ತು.

ಇಲ್ಲಿ ಧಾರವಾಡ ಸೀಮೆಯ ಕೇಳುಗರ ವಿಷಯವಾಗಿ ಸ್ವಲ್ಪ ಹೇಳುವುದು ಅವಶ್ಯ. ಕನ್ನಡ ನಾಡಿನ ಈ ಭಾಗದಲ್ಲಿ ಹಿಂದೂಸ್ತಾನಿ ಪದ್ಧತಿ ಏಕೆ ಬೇರೂರಿತೆಂದು ದಕ್ಷಿಣದ ಮಿತ್ರರು ಕೇಳುವುದುಂಟು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮರಾಠಿ ನಾಟಕ ಮಂಡಳಿಗಳು ಹುಬ್ಬಳ್ಳಿ ಧಾರವಾಡಗಳಲ್ಲಿ ಬಿಡಾರ ಮಾಡುತ್ತಿದ್ದವು. ಅವುಗಳ ಪದಗಳು ಖ್ಯಾಲಿನ ಬಂದಿಶುಗಳ ಮೇಲೆಯೇ ಕಟ್ಟಿದವು. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಮ್ ಖಾನರು (1872–1937) ಮೈಸೂರು ಅರಮನೆಯ ಆಹ್ವಾನದ ಮೇಲೆ ಹೋಗಿಬರುವಾಗ ಧಾರವಾಡದಲ್ಲಿ ಇಳಿದುಕೊಳ್ಳುತ್ತಿದ್ದರು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (1886–1952), ಅವರ ಶಿಷ್ಯರಾದರು. ಇತ್ತ ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು (1892–1944) ಎರಡೂ ಪದ್ಧತಿಗಳನ್ನು ಕಲಿತು, ಊರೂರು ಸಂಚರಿಸುವ ಪಾಠಶಾಲೆಯನ್ನು ನಡೆಸಿ, ಕಡೆಗೆ ಗದಗಿನಲ್ಲಿ ನೆಲೆನಿಂತರು. ಹೀಗೆ ಒಂದೇ ಊರಿನ ಒಂದೇ ವಾರದಲ್ಲಿ ಗುಡಿಯ ಭಜನೆ, ಕಂಪನಿಯ ನಾಟಕ, ಖಾನಸಾಹೇಬರ ಬೈಠಕ್ಕು ಮೂರನ್ನೂ ಕೇಳುವ ಅವಕಾಶ ಇಲ್ಲಿಯ ಸಾಮಾನ್ಯ ಗೃಹಸ್ಥನಿಗಿತ್ತು. ಆ ಗೃಹಸ್ಥನು ಕೇಳಿದ್ದನ್ನು ಮನೆಗೆ ತಂದನು. ಮಕ್ಕಳು ಅದನ್ನು ಮುಂದಕ್ಕೆ ಒಯ್ದರು.

ಭೀಮಸೇನ ಜೋಶಿಯವರ (1922–2011) ತಂದೆ ಶಾಲಾ ಶಿಕ್ಷಕರು, ನಿಘಂಟುಕಾರರು. ಮನೆಯಲ್ಲಿ ಹಾಡು ಇದ್ದದ್ದು ತಾಯಿಯ ಭಜನೆಗಳಲ್ಲಿ. ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿ ಹುಡುಗ 1933ರಲ್ಲಿ ಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ತಿಳಿದದ್ದೇ. ಆ ತಟ್ಟೆಗೆ ಅಷ್ಟೊಂದು ಸೆಳೆತವಿದ್ದರೆ ಅದನ್ನು ಕೇಳಿದ ನೂರಾರು ಹುಡುಗರೇಕೆ ಮನೆಬಿಡಲಿಲ್ಲ? ತಾಯಿಯ ದನಿ ನೆಲವನ್ನು ಹದಗೊಳಿಸಿತ್ತು ಎಂದೇ ನನ್ನ ಊಹೆ. ಬಸವರಾಜ ರಾಜಗುರುಗಳಿಗಂತೂ ತಂದೆಯೇ ಮೊದಲ ಗುರು. ಅವರು ಕರ್ನಾಟಕ ಸಂಗೀತ ಬಲ್ಲವರು. ಮಗನು ಪಂಚಾಕ್ಷರಿ ಗವಾಯಿಗಳಲ್ಲಿ ಬೆಳೆದು ಹಿಂದೂಸ್ತಾನಿ ಗಾಯಕನಾದನು.

ಆದರೆ ನಾನು ನಿಧಾನವಾಗಿ ಹೇಳಬೇಕೆಂದಿರುವುದು ಗಂಗೂಬಾಯಿ ಹಾನಗಲ್ಲರ (1913–2009) ತಾಯಿ ಅಂಬಾಬಾಯಿಯವರ ಸಂಗತಿ.

ಅಂಬಾಬಾಯಿಯವರು ಕರ್ನಾಟಕ ಪದ್ಧತಿಯ ಗಾಯಕಿ. ಅವರ ಹಾಡನ್ನು ಕೇಳಲು ಸ್ವತಃ ಅಬ್ದುಲ್ ಕರೀಮ್ ಖಾನರು ಧಾರವಾಡದ ಅವರ ಮನೆಗೆ ಬರುತ್ತಿದ್ದರು. ಸಮಾಜವು ಹಾಡುವ ಹೆಣ್ಣುಮಕ್ಕಳ ಮನೆತನಗಳನ್ನು ಕೀಳಾಗಿ ಕಂಡ ಕಾಲವದು. ಅವರ ಹಾಡು ಬೇಕಿತ್ತು, ಅವರ ನೆರೆ ಬೇಡವಾಗಿತ್ತು. ಅಂಥ ಮನೆಯಲ್ಲಿ ಹುಟ್ಟಿದ ಮಗಳು ತಾಯಿಯ ಹಾಡಿಗಿಂತ ಬೀದಿಯಲ್ಲಿ ಕೇಳಿಬರುವ ಗ್ರಾಮಫೋನಿನ ಕಡೆಗೆ ಓಡುತ್ತಿದ್ದಳು. ಕೇಳಿ ಬಂದದ್ದನ್ನು ಹಾಗೆಯೇ ಹಾಡಲು ಯತ್ನಿಸುತ್ತಿದ್ದಳು. ಆ ತಟ್ಟೆಗಳಲ್ಲಿದ್ದುದು ಹಿಂದೂಸ್ತಾನಿ. ಸಾಮಾನ್ಯ ತಾಯಿಯಾಗಿದ್ದರೆ, ಅದರಲ್ಲೂ ಸ್ವತಃ ವಿದ್ವತ್ತುಳ್ಳ ತಾಯಿಯಾಗಿದ್ದರೆ, ಏನು ಮಾಡುತ್ತಿದ್ದಳು? "ನನ್ನಲ್ಲಿ ಇಷ್ಟು ವಿದ್ಯೆ ಇರುವಾಗ ಬೀದಿಯ ಹಾಡೇಕೆ?" ಎಂದು ಮಗಳನ್ನು ಎದುರಿಗೆ ಕೂರಿಸಿ ವರಸೆ ಹೇಳಿಕೊಡುತ್ತಿದ್ದಳು. ಅಂಬಾಬಾಯಿಯವರು ಹಾಗೆ ಮಾಡಲಿಲ್ಲ. ಮಗಳಿಗೆ ಹಿಂದೂಸ್ತಾನಿ ಕಲಿಸುವ ಗುರುಗಳನ್ನು ಗೊತ್ತುಮಾಡಿದರು. ತಮ್ಮ ಶೈಲಿಯ ಛಾಯೆ ಅವಳ ಕಂಠದ ಮೇಲೆ ಬೀಳಬಾರದೆಂದು ತಾವು ಕರ್ನಾಟಕ ಸಂಗೀತವನ್ನು ಹಾಡುವುದನ್ನೇ ನಿಲ್ಲಿಸಿಬಿಟ್ಟರು.

ಈ ನಿಲ್ಲಿಸುವಿಕೆಯ ತೂಕವನ್ನು ತಿಳಿಯಬೇಕಾದರೆ ಎರಡು ಪದ್ಧತಿಗಳ ಭೇದವನ್ನು ಸ್ವಲ್ಪ ಅರಿಯಬೇಕು. ಕರ್ನಾಟಕ ಪದ್ಧತಿಯಲ್ಲಿ ಎಷ್ಟೋ ಸ್ವರಗಳಿಗೆ ಗಮಕವೇ ಜೀವ. ಸ್ವರವು ತನ್ನ ನೆರೆಯ ಸ್ವರಗಳ ಕಡೆಗೆ ತೂಗಾಡುತ್ತಲೇ ತನ್ನ ರಾಗವನ್ನು ತೋರುತ್ತದೆ. ಖ್ಯಾಲಿನಲ್ಲಿ, ವಿಶೇಷವಾಗಿ ಕಿರಾಣಾ ಘರಾಣೆಯಲ್ಲಿ, ಸ್ವರವನ್ನು ಅಲುಗದಂತೆ ನಿಲ್ಲಿಸಿ, ಅದರ ನೆಲೆಯನ್ನು ತುಂಬಿ, ಆಮೇಲೆ ಮೀಂಡಿನಿಂದ ಮುಂದಿನ ಸ್ವರಕ್ಕೆ ಜಾರಬೇಕು. ಎಳವೆಯಲ್ಲಿ ಒಂದು ರೀತಿಗೆ ಪಳಗಿದ ಕಂಠ ಮತ್ತೊಂದಕ್ಕೆ ಒಗ್ಗುವುದು ಕಷ್ಟ. ಗುರುವಿನೆದುರು ಒಂದು ತಾಸು ಕಲಿತದ್ದನ್ನು ಮನೆಯಲ್ಲಿ ದಿನವಿಡೀ ಕೇಳುವ ದನಿ ಅಳಿಸಿಹಾಕಬಲ್ಲದು. ತಾಯಿಗೆ ಈ ಸೂಕ್ಷ್ಮ ತಿಳಿದಿತ್ತು, ಏಕೆಂದರೆ ಆಕೆ ಬಲ್ಲವಳು. ಬಲ್ಲವಳಾದ್ದರಿಂದಲೇ ಮೌನವಾದಳು.

1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದಿತು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮಗಳಿಗೆ ಆಗ ಹತ್ತೊಂಬತ್ತು ವರ್ಷ. ಸವಾಯಿ ಗಂಧರ್ವರ ಬಳಿ ನಿಯತವಾದ ಶಿಕ್ಷಣ ದೊರೆತು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತ ಮಗಳು ಕಲಿತದ್ದು, ಕಿರಾಣಾ ಘರಾಣೆಯ ಹಿರಿಯ ಗಾಯಕಿಯಾದದ್ದು ಎಲ್ಲವೂ ಆಮೇಲಿನ ಸಂಗತಿ. ತಾನು ನುಂಗಿಕೊಂಡ ಹಾಡು ಏನಾಯಿತೆಂಬುದನ್ನು ಆ ತಾಯಿ ಕಾಣಲಿಲ್ಲ. ತಂದೆತಾಯಿಗಳು ಮಕ್ಕಳಿಗೆ ಸಂಗೀತವನ್ನು ಹಂಚುವುದೆಂದರೆ ಹಾಡುವುದು, ಕೇಳಿಸುವುದು, ಕಲಿಸುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಹಾಡದೆ ಇರುವುದೂ ಒಂದು ಹಂಚುವ ರೀತಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಂಡಿಲ್ಲ. ಗಂಗೂಬಾಯಿಯವರ ಮಗಳು ಕೃಷ್ಣಾ ತಾಯಿಯ ಪಕ್ಕದಲ್ಲಿ ಕುಳಿತು ದಶಕಗಳ ಕಾಲ ಸಹಗಾಯನ ಮಾಡಿದರು; 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಮೂರು ತಲೆಮಾರಿನ ಈ ಕಥೆಯಲ್ಲಿ ಮೊದಲ ತಾಯಿ ಮಗಳಿಗಾಗಿ ಹಾಡು ಬಿಟ್ಟಳು. ಮೂರನೆಯ ತಲೆಮಾರಿನ ಮಗಳು ತಾಯಿಯ ಹಾಡಿನೊಳಗೇ ಬಾಳಿದಳು. ಇವೆರಡರಲ್ಲಿ ಯಾವುದು ಹೆಚ್ಚಿನ ತ್ಯಾಗವೆಂದು ತೂಗಿ ನೋಡುವ ಧೈರ್ಯ ನನಗಿಲ್ಲ.

ಕುಮಾರ ಗಂಧರ್ವರ (1924–1992) ಮನೆತನದ ರೀತಿ ಇನ್ನೊಂದು. ಬೆಳಗಾವಿಯ ಹತ್ತಿರದ ಸೂಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರಯ್ಯ ಕೋಮಕಾಳಿಮಠರ ತಂದೆ ಸಿದ್ಧರಾಮಯ್ಯನವರೂ ಹಾಡುಗಾರರೇ. ಬಾಲಕನು ದೊಡ್ಡವರ ತಟ್ಟೆಗಳನ್ನು ಕೇಳಿದೊಡನೆ ಹಾಗೆಯೇ ಹಾಡಿ ತೋರಿಸುತ್ತಿದ್ದನು. ಮಠದ ಸ್ವಾಮಿಗಳೇ ಅವನಿಗೆ ಆ ಬಿರುದನ್ನು ಕೊಟ್ಟರು. ಮುಂದೆ ಮುಂಬಯಿ, ಕ್ಷಯರೋಗ, ದೇವಾಸದ ದೀರ್ಘ ಮೌನ, ಮಾಳವದ ಜಾನಪದ ಧಾಟಿಗಳು, ಕಬೀರನ ನಿರ್ಗುಣ ಪದಗಳು. ಅನುಕರಣದಿಂದ ಆರಂಭಿಸಿದವನು ಯಾರನ್ನೂ ಅನುಕರಿಸದ ಗಾಯಕನಾದನು. ಅವರ ಮಗ ಮುಕುಲ ಶಿವಪುತ್ರರು ತಂದೆಯಲ್ಲಿ ಕಲಿತರೂ ಧ್ರುಪದವನ್ನೂ, ಎಂ.ಡಿ. ರಾಮನಾಥನ್ ಅವರಲ್ಲಿ ಕರ್ನಾಟಕ ಸಂಗೀತವನ್ನೂ ಅಭ್ಯಾಸ ಮಾಡಿದರು.

ನನ್ನ ವಿಷಯಕ್ಕೆ ಬರುತ್ತೇನೆ. ಕಾಲೇಜಿನ ಓದಿಗಾಗಿ ಧಾರವಾಡಕ್ಕೆ ಬಂದ ಮೇಲೆ ನನಗೆ ಖ್ಯಾಲಿನ ಹುಚ್ಚು ಹತ್ತಿತು. ಮೊದಮೊದಲು ಬಲು ಸಂಕಟ. ಖ್ಯಾಲಿನ ಬಂದಿಶೆಂದರೆ ಎರಡು ನಾಲ್ಕು ಸಾಲು. ಗಾಯಕನು ಅದನ್ನು ಒಮ್ಮೆ ಹೇಳಿ ಆಕಾರದಲ್ಲಿ ಮುಳುಗಿದನೆಂದರೆ ಮುಕ್ಕಾಲು ತಾಸು ಮಾತಿಲ್ಲ. "ಏನಂದ್ರು?" ಎಂಬ ತಂದೆಯವರ ಪ್ರಶ್ನೆಗೆ ಅಲ್ಲಿ ಉತ್ತರವೇ ಇಲ್ಲ. ಆದರೂ ಮನಸೂರರ ಶುದ್ಧನಟ್, ಸಂಪೂರ್ಣ ಮಾಲಕಂಸ, ಖಟ್, ಲಲಿತಾಗೌರಿಯಂಥ ರಾಗಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಮನಸೂರರು (1910–1992) ರೈತ ಮನೆತನದವರು. ತಂದೆ ಭೀಮರಾಯಪ್ಪನವರಿಗೆ ಹಾಡು ನಾಟಕಗಳಲ್ಲಿ ಒಲವು, ಅಣ್ಣ ನಾಟಕ ಕಂಪನಿಯವನು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ, ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ ಪದ್ಧತಿ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್ ಮತ್ತು ಭೂರ್ಜೀ ಖಾನರಲ್ಲಿ ಜಯಪುರ ಅತ್ರೌಲಿ ಘರಾಣೆಯ ಶಿಕ್ಷಣ. ಎರಡು ರಾಗಗಳ ಎಳೆಗಳನ್ನು ಹೆಣೆದು ಮೂರನೆಯದನ್ನು ತೋರುವ ಜೋಡರಾಗಗಳು ಈ ಘರಾಣೆಯ ವೈಶಿಷ್ಟ್ಯ. ಅಲ್ಲಿ ಅರ್ಥವಿರುವುದು ಮಾತಿನಲ್ಲಲ್ಲ, ಸ್ವರವು ಸ್ವರಕ್ಕೆ ಕೊಡುವ ಉತ್ತರದಲ್ಲಿ. ಇದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ತಿಳಿದ ಉತ್ಸಾಹದಲ್ಲಿ ಊರಿಗೆ ಹೋಗಿ ತಂದೆಯವರೆದುರು ದೊಡ್ಡ ಉಪನ್ಯಾಸವನ್ನೇ ಮಾಡಿದೆ. ಭಜನೆಯು ಸಂಗೀತದ ಮೊದಲ ಮೆಟ್ಟಿಲು ಮಾತ್ರ, ಮಾತಿನ ಹಂಗಿರುವವರೆಗೆ ನಾದ ಬಿಚ್ಚಿಕೊಳ್ಳದು ಎಂದೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಆತು ಬಿಡಪಾ, ನೀನು ಓದಿದಾಂವ" ಎಂದರು. ಆ ಸೋಮವಾರ ಭಜನೆಗೆ ನನ್ನನ್ನು ಕರೆಯಲಿಲ್ಲ. ಮುಂದೆಯೂ ಎಂದೂ ಕರೆಯಲಿಲ್ಲ. ನಾನಾಗಿ ಹೋಗಬಹುದಿತ್ತು, ಹೋಗಲಿಲ್ಲ.

ತಂದೆಯವರ ಪ್ರಶ್ನೆ ಎಷ್ಟು ಆಳವಾದದ್ದೆಂದು ನನಗೆ ಅರಿವಾದದ್ದು ಬಹಳ ವರ್ಷಗಳ ಮೇಲೆ, ವಚನಗಾಯನವನ್ನು ಶಾಸ್ತ್ರೀಯವಾಗಿ ವಿಚಾರಿಸತೊಡಗಿದಾಗ. ವಚನವು ಹಾಡಲೆಂದೇ ಕಟ್ಟಿದ ರಚನೆಯಲ್ಲ. ಶರಣರಲ್ಲಿ ಕೆಲವರು ಪಲ್ಲವಿ, ನುಡಿ, ರಾಗಸೂಚನೆಗಳಿರುವ ಸ್ವರವಚನಗಳನ್ನೂ ರಚಿಸಿದ್ದಾರೆ. ಅವುಗಳ ಮಾತು ಬೇರೆ. ಸಾಮಾನ್ಯ ವಚನಕ್ಕೆ ಪಲ್ಲವಿಯಿಲ್ಲ, ಸಮನಾದ ಪಾದಗಳಿಲ್ಲ. ತಾಳಮಾನಗಳನ್ನು ತಾನರಿಯೆ, ಒಲಿದಂತೆ ಹಾಡುವೆನೆಂಬ ಭಾವವನ್ನು ಬಸವಣ್ಣನವರೇ ಒಂದೆಡೆ ಹೇಳಿದ್ದಾರೆ. ಮತ್ತೊಂದೆಡೆ ತಮ್ಮ ದೇಹವನ್ನೇ ವೀಣೆಯಾಗಿ ಮಾಡಿಕೊಂಡು ನುಡಿಸೆಂದು ದೇವರನ್ನು ಬೇಡಿ, ಅಲ್ಲಿ ಮೂವತ್ತೆರಡು ರಾಗಗಳನ್ನೂ ಸ್ಮರಿಸಿದ್ದಾರೆ. ಸಂಗೀತವನ್ನು ಬಲ್ಲವರ ಮಾತು ಇದು. ಕಟ್ಟಿಗೆ ಒಳಗಾಗಲು ಒಪ್ಪದವರ ಮಾತೂ ಹೌದು.

ಇಂಥ ವಚನವನ್ನು ತಾಳಕ್ಕೆ ಕೂಡಿಸುವ ಗಾಯಕನು ಯಾವುದಾದರೊಂದು ಸಾಲನ್ನು ಮುಖಡಾ ಆಗಿ ಆರಿಸಿಕೊಂಡು ಮತ್ತೆ ಮತ್ತೆ ಅದಕ್ಕೆ ಮರಳಬೇಕಾಗುತ್ತದೆ. ತೊಡಕು ಇರುವುದು ಇಲ್ಲಿಯೇ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಚನಕಾರರು ಈ ಗುಣವನ್ನು ಬಳಸಿಕೊಂಡು ಉಪಮೆಯ ಮೇಲೆ ಉಪಮೆಯನ್ನೋ, ನಿಷೇಧದ ಮೇಲೆ ನಿಷೇಧವನ್ನೋ ಪೇರಿಸುತ್ತ ಹೋಗಿ, ಅರ್ಥದ ಬಾಗಿಲನ್ನು ಕಟ್ಟಕಡೆಯಲ್ಲಿ, ಎಷ್ಟೋ ಸಲ ಅಂಕಿತದ ಹೊಸ್ತಿಲಲ್ಲಿ, ತೆರೆಯುತ್ತಾರೆ. ನಡುವಿನ ಉಪಮೆಯೊಂದು ಇಂಪಾಗಿದೆಯೆಂದು ಗಾಯಕನು ಅದನ್ನೇ ಹತ್ತು ಸಲ ತಿರುವಿದರೆ ಪೇರಿಕೆ ಕುಸಿಯುತ್ತದೆ. ತಾಳದ ಸಮದ ಮೇಲೆ ವಾಕ್ಯದ ಮುಖ್ಯ ಪದ ಬೀಳುವ ಬದಲು ಒಂದು ವಿಭಕ್ತಿ ಪ್ರತ್ಯಯವೋ ಬರಿಯ "ಅಯ್ಯಾ" ಎಂಬುದೋ ಬಿದ್ದರೆ ಕೇಳುಗನ ಲಕ್ಷ್ಯವೆಲ್ಲ ಅಲ್ಲಿಗೆ ಹರಿದು ಅರ್ಥ ಕುಂಟುತ್ತದೆ. ಮನಸೂರರ ವಚನಗಾಯನವನ್ನು ಈಗ ಮುದ್ರಿಕೆಗಳಲ್ಲಿ ಮರಳಿ ಕೇಳಿದರೆ ಅವರು ಖ್ಯಾಲಿನ ತಮ್ಮ ಅಪಾರ ಸಂಪತ್ತನ್ನು ಎಷ್ಟು ಬಿಗಿಹಿಡಿದಿದ್ದಾರೆಂಬುದು ಕಾಣುತ್ತದೆ. ತಾನು ಸಾಲಿನ ನಡುವೆ ನುಗ್ಗುವುದಿಲ್ಲ. ವಾಕ್ಯ ಮುಗಿದ ಮೇಲೆ, ಅದರ ಉಸಿರಿನಿಂದಲೇ ಎದ್ದು ಬರುತ್ತದೆ. ಇಂದಿನ ಕೆಲವು ವಚನಗಾಯನಗಳಲ್ಲಿ ವಾದ್ಯಗಳ ಅಬ್ಬರದ ನಡುವೆ ವಚನವು ಚೂರುಚೂರಾಗಿ ತೇಲುವುದನ್ನು ಕೇಳಿದಾಗ ತಂದೆಯವರ ತೀರ್ಪೇ ನನ್ನ ಬಾಯಿಗೂ ಬರುತ್ತದೆ. ಮಾತು ಕೇಳಬೇಕೆಂಬ ಅವರ ಹಟ ಅಶಿಕ್ಷಿತನ ಹಟವೆಂದು ನಾನು ತಿಳಿದದ್ದು ನನ್ನ ಅಶಿಕ್ಷೆಯೇ ಸರಿ.

ಇದನ್ನು ಅವರಿಗೆ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವರಿಗೆ ಕಿವಿ ಮಂದವಾಗಿತ್ತು. ಟೇಪ್ ರೆಕಾರ್ಡರ್ ಕೊಂಡು ಮನಸೂರರ ವಚನಗಳ ಕ್ಯಾಸೆಟ್ಟನ್ನು ಒಯ್ದೆ. ದನಿಯನ್ನು ಪೂರ್ತಿ ಏರಿಸಿದರೂ ಅವರಿಗೆ ಕೇಳಿಸಿದ್ದು ಒಂದು ಗುಂಯ್ ಎಂಬ ಸದ್ದು ಮಾತ್ರ. ಯಂತ್ರದ ಮೇಲೆ ಅಂಗೈ ಇಟ್ಟುಕೊಂಡು ಕಂಪನ ಹಿಡಿಯುತ್ತ ಸ್ವಲ್ಪ ಹೊತ್ತು ಕುಳಿತರು. ಆಮೇಲೆ ನನ್ನತ್ತ ತಿರುಗಿ, ಹಳೆಯ ಪ್ರಶ್ನೆಯನ್ನೇ ಕೇಳಿದರು: "ಏನಂದ್ರು?" ಈ ಸಲ ಅದು ಪರೀಕ್ಷೆಯಾಗಿರಲಿಲ್ಲ. ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು ವಚನವನ್ನು ಬಿಡಿಬಿಡಿಯಾಗಿ ಹೇಳಿದೆ. ತಲೆದೂಗಿದರು. ಹಾಡಿಗೆ ತೂಗಿದರೋ ಮಾತಿಗೆ ತೂಗಿದರೋ ತಿಳಿಯಲಿಲ್ಲ.

ಅವರ ಭಜನೆಯ ವಹಿ ಈಗ ನನ್ನಲ್ಲಿದೆ. ಅಂಗಡಿಯ ಲೆಕ್ಕದ ಹಾಳೆಗಳನ್ನೇ ಹೊಲಿದು ಮಾಡಿದ್ದು. ಒಂದು ಮಗ್ಗುಲಿಗೆ ಹತ್ತಿಯ ದರ, ಇನ್ನೊಂದು ಮಗ್ಗುಲಿಗೆ ನಿಜಗುಣರ ಪದ. ಉಸಿರು ತೆಗೆದುಕೊಳ್ಳಬೇಕಾದಲ್ಲೆಲ್ಲ ಕೆಂಪು ಶಾಯಿಯ ಸಣ್ಣ ಗೆರೆ ಎಳೆದಿದ್ದಾರೆ. ಬಹುಮಟ್ಟಿಗೆ ಅವೆಲ್ಲ ಅರ್ಥ ಒಡೆಯುವಲ್ಲಿ ಸರಿಯಾಗಿಯೇ ಬಿದ್ದಿವೆ. ಒಂದು ಪದದಲ್ಲಿ ಮಾತ್ರ ಗೆರೆ ಒಂದು ಸಮಾಸದ ನಟ್ಟನಡುವೆ ಇದೆ. ಮುದ್ರಿತ ಪಾಠದೊಡನೆ ಹೋಲಿಸಿ ನೋಡಿದೆ, ಅಲ್ಲಿ ನಿಂತರೆ ಅರ್ಥ ಕೆಡುತ್ತದೆ. ಆ ಪದವನ್ನು ಗುನುಗುವಾಗ ನಾನು ಇಂದಿಗೂ ಉಸಿರೆಳೆದುಕೊಳ್ಳುವುದು ಅಲ್ಲಿಯೇ.